ಹೊಸ ವರ್ಷದ ಗುರಿ: ಬರಿಯೋದು ಹ್ಯಾಂಗ, ಒಡಿಯೋದು ಹ್ಯಾಂಗ

ಡಿಸೆಂಬರ್ ಮುಗಿಯಾಕ ಬಂತಂದ್ರ ಸಾಕು, ಹುಬ್ಬಳ್ಳಿ ದುರ್ಗದಬೈಲ್ ಕಡೆ ಅಂಗಡ್ಯಾಗ ಡೈರಿ ಕ್ಯಾಲೆಂಡರ್ ಜೋತುಬೀಳ್ತಾವ, ಉಣಕಲ್ ಕೆರಿ ದಂಡಿಮ್ಯಾಲ ಹೊಸಾ ಬೂಟ್ ಹಾಕ್ಕೊಂಡು ಅಡ್ಡಾಡೋರು ಒಮ್ಮಿಂದೊಮ್ಮೆಲೆ ಹೆಚ್ಚಾಗ್ತಾರ, ಜಿಮ್‌ನವರು ವರ್ಷದ ಫೀ ಒಮ್ಮೆ ಕಟ್ಟಿದ್ರ ಇಷ್ಟು ಡಿಸ್ಕೌಂಟ್ ಅಂತ ಬೋರ್ಡ್ ಹಾಕ್ತಾರ. ಸಂಕ್ರಾಂತಿಗೆ ಕುಸುರೆಳ್ಳು ಹಂಚೂ ಹೊತ್ತಿಗೆ ಅದರಾಗ ಭಾಳ ಮಂದಿ ಕಾಣಂಗಿಲ್ಲ. ಮನ್ಯಾಗ ಕೇಳಿದ್ರ ಒಂದ ಉತ್ತರ, "ಅವಂಗ ಮನಸ್ಸು ಗಟ್ಟಿ ಇಲ್ಲ." ಆದ್ರ ಗುರಿ ಹ್ಯಾಂಗ ಕೆಲಸ ಮಾಡ್ತಾವ ಅಂತ ಐವತ್ತು ಅರವತ್ತು ವರ್ಷದಿಂದ ಪರೀಕ್ಷೆ ಮಾಡ್ಕೋತ ಬಂದವರು ಹೇಳೋದು ಸ್ವಲ್ಪ ಬ್ಯಾರೆ ಐತಿ. ಗುರಿನ ಯಾವ ಮಾತಿನ್ಯಾಗ ಬರ್ಕೊಂಡ್ರಿ, ಎಷ್ಟು ಸಣ್ಣದು ಮಾಡಿದ್ರಿ, ಯಾವ ಹೊತ್ತಿಗೆ ಕಟ್ಟಿದ್ರಿ, ಇದರ ಮ್ಯಾಲ ಭಾಳಷ್ಟು ನಿಂತಿರ್ತೈತಂತ. ಅದನ್ನ ಇಲ್ಲಿ ಬುಡದಿಂದ ನೋಡೋಣು.

ಹೊಸ ವರ್ಷಕ್ಕನ ಯಾಕ ಹುರುಪು ಬರ್ತೈತಿ

ಜನವರಿ 1 ಅಂದ್ರ ಹಿಂದಿನ ದಿನದಂಗ ಇನ್ನೊಂದು ದಿನ, ಹೊತ್ತು ಹುಟ್ಟೋದು ಮುಳುಗೋದು ಏನೂ ಬದಲಾಗಂಗಿಲ್ಲ. ಆದ್ರೂ ಮನಸ್ಸಿಗೆ ಅದು ಹೊಸಾ ಖಾತೆ ತಗದಂಗ ಅನ್ನಸ್ತೈತಿ. 2014ರಾಗ ಹೆಂಗ್ಚೆನ್ ದಾಯ್, ಕ್ಯಾಥರಿನ್ ಮಿಲ್ಕ್‌ಮನ್, ಜೇಸನ್ ರೀಸ್ ಅನ್ನೋ ಮೂವರು ಅಮೆರಿಕದಾಗ ಇದನ್ನ ಅಳದು ನೋಡಿದ್ರು. ಡಯಟ್ ಬಗ್ಗೆ ಗೂಗಲ್‌ನ್ಯಾಗ ಹುಡುಕೋರು, ಜಿಮ್‌ಗೆ ಹೋಗೋರು ಯಾವಾಗ ಹೆಚ್ಚಾಗ್ತಾರ ಅಂತ ನೋಡಿದ್ರ ವರ್ಷದ ಶುರುವಿಗೆ ಅಷ್ಟ ಅಲ್ಲ, ತಿಂಗಳ ಶುರುವಿಗೂ ಹೆಚ್ಚು, ಸೋಮವಾರಕ್ಕೂ ಹೆಚ್ಚು. ಇದಕ್ಕ ಅವರು ಇಟ್ಟ ಹೆಸರು ಫ್ರೆಶ್ ಸ್ಟಾರ್ಟ್ ಎಫೆಕ್ಟ್. ಹಿಂದ ಆಗಿದ್ದೆಲ್ಲಾ ಹಳೇ ಲೆಕ್ಕಕ್ಕ ಹೋತು, ಇನ್ನ ಮ್ಯಾಲಿನ ನಾನು ಬ್ಯಾರೆ ಅಂತ ಮನುಷ್ಯಾ ಗೆರಿ ಎಳ್ಕೋತಾನ.

ನಮ್ಮ ಕಡೆ ಇದು ಗೊತ್ತಿಲ್ಲದ ವಿಷಯ ಏನಲ್ಲ. ವ್ಯಾಪಾರಸ್ಥರು ದೀಪಾವಳಿ ಪಾಡ್ಯಕ್ಕ ಹೊಸಾ ಖಾತೆ ಪೂಜಾ ಮಾಡ್ತಾರ, ಪಂಚಾಂಗ ಹಿಡಿಯೋರಿಗೆ ಯುಗಾದಿ, ಮಾಸ್ತರಿಗೆ ಮತ್ತ ಹುಡುಗರಿಗೆ ಜೂನ್, ಬ್ಯಾಂಕಿನವರಿಗೆ ಏಪ್ರಿಲ್ 1. ಅಂದ್ರ ವರ್ಷಕ್ಕ ನಾಕೈದು ಹೊಸಾ ವರ್ಷ ನಮಗ ಸಿಗ್ತಾವ, ಇದು ಮುಂದ ಉಪಯೋಗಕ್ಕ ಬರ್ತೈತಿ, ತಲ್ಯಾಗ ಇರ್ಲಿ.

ಹಂಗಾದ್ರ ಹೊಸ ವರ್ಷದ ಸಂಕಲ್ಪ ಬರೇ ಸುಳ್ಳೇನು? ಅದೂ ಅಲ್ಲ. 2002ರಾಗ ಜಾನ್ ನಾರ್‌ಕ್ರಾಸ್ ಅನ್ನೋ ಅಮೆರಿಕದ ಮನಃಶಾಸ್ತ್ರಜ್ಞರ ತಂಡ ಎರಡು ಗುಂಪು ಹೋಲಿಸಿ ನೋಡಿತು. ಎರಡೂ ಗುಂಪಿನವರಿಗೆ ಏನರ ಬದಲು ಮಾಡ್ಕೋಬೇಕು ಅಂತ ಆಸೆ ಇತ್ತು, ಆದ್ರ ಒಂದು ಗುಂಪಿನವರು ಹೊಸ ವರ್ಷಕ್ಕ ಸಂಕಲ್ಪ ಮಾಡಿದ್ರು, ಇನ್ನೊಂದು ಗುಂಪಿನವರು ಮಾಡಿರಲಿಲ್ಲ. ಆರು ತಿಂಗಳ ಆದಮ್ಯಾಲ ಸಂಕಲ್ಪ ಮಾಡಿದವರಾಗ ನೂರಕ್ಕ 46 ಮಂದಿ ಇನ್ನೂ ನಡಸಾಕತ್ತೀವಿ ಅಂದ್ರು, ಬರೇ ಆಸೆ ಇಟ್ಕೊಂಡವರಾಗ ನೂರಕ್ಕ 4 ಮಂದಿ ಅಷ್ಟ. ಇದು ಮಂದಿ ತಾವ ಹೇಳಿದ್ದು, ಯಾರೂ ಮನಿಗೆ ಹೋಗಿ ತಕ್ಕಡಿ ಇಟ್ಟು ನೋಡಿಲ್ಲ, ಸ್ವಲ್ಪ ಉಪ್ಪು ಖಾರ ಬಿಟ್ಟು ಓದ್ಬೇಕು. ಆದ್ರೂ ಅಂತರ ಸಣ್ಣದಲ್ಲ.

ಆಸೆ ಯಾವುದು, ಗುರಿ ಯಾವುದು

"ತೂಕ ಇಳಸ್ಬೇಕು", "ಸರ್ಕಾರಿ ನೌಕರಿ ಹಿಡೀಬೇಕು", "ಈ ವರ್ಷರ ನಾಕು ದುಡ್ಡು ಉಳಸ್ಬೇಕು." ಡೈರಿಯ ಮೊದಲನೇ ಹಾಳ್ಯಾಗ ಹೆಚ್ಚಾಗಿ ಇವ ಇರ್ತಾವ. ಇವು ಮೂರೂ ಆಸೆ. ತಿಳ್ಕೊಳ್ಳೋದು ಸರಳ ಐತಿ, ಡಿಸೆಂಬರ್ 31ಕ್ಕ ಯಾರರ ಬಂದು "ಆತೋ ಇಲ್ಲೋ" ಅಂತ ಕೇಳಿದ್ರ ಹೂಂ ಅಥವಾ ಇಲ್ಲ ಅಂತ ಒಂದ ಮಾತಿನ್ಯಾಗ ಹೇಳಾಕ ಬರಬೇಕು. "ಆತು ಅಂದ್ರ ಆತು, ಸ್ವಲ್ಪ ಆಗೇತಿ" ಅಂತ ಎಳಿಯೋ ಪ್ರಸಂಗ ಬಂತಂದ್ರ ಅದು ಗುರಿ ಆಗಿರಲಿಲ್ಲ ಅಂತ ತಿಳಿಬೇಕು.

ಎಡ್ವಿನ್ ಲಾಕ್ ಅನ್ನೋ ಅಮೆರಿಕದ ಮನಃಶಾಸ್ತ್ರಜ್ಞ 1968ರಾಗ ಇದನ್ನ ಬರೆದ್ರು, ಆಮ್ಯಾಲ ಗ್ಯಾರಿ ಲೇಥಮ್ ಜೋಡಿ ಸೇರಿ ದಶಕಗಟ್ಟಲೆ ಇದರ ಮ್ಯಾಲ ಕೆಲಸ ಮಾಡಿದ್ರು. ಅವರ ಮಾತಿನ ತಿರುಳು ಇಷ್ಟ: "ನಿನ್ನ ಕೈಲೆ ಆದಷ್ಟು ಛಲೋ ಮಾಡು" ಅಂತ ಹೇಳಿಸ್ಕೊಂಡವರಕಿಂತ, ಇಷ್ಟು ಮಾಡು ಅಂತ ಸ್ಪಷ್ಟವಾಗಿ, ಸ್ವಲ್ಪ ಕಠಿಣವಾಗೇ ಹೇಳಿಸ್ಕೊಂಡವರು ಹೆಚ್ಚು ಮಾಡ್ತಾರ. ಯಾಕಂದ್ರ "ಆದಷ್ಟು" ಅನ್ನೋದಕ್ಕ ಅಳತಿ ಇಲ್ಲ, ದಣಿವಾದ ದಿನ ಎಷ್ಟು ಮಾಡಿದ್ರೂ ಅದ "ಆದಷ್ಟು" ಆಗಿಬಿಡ್ತೈತಿ. ಆದ್ರ ಅವರು ಒಂದು ಷರತ್ತೂ ಹಾಕ್ಯಾರ, ಆ ಕೆಲಸ ಮಾಡೋ ತಾಕತ್ತು ಇರಬೇಕು, ಮತ್ತ ಎಷ್ಟು ದೂರ ಬಂದೀನಿ ಅಂತ ನಡುನಡುವ ಗೊತ್ತಾಗಬೇಕು. ಇವೆರಡು ಇಲ್ಲಂದ್ರ ಕಠಿಣ ಗುರಿಯಿಂದ ಲಾಭ ಇಲ್ಲ.

ಕಂಪನಿಯೊಳಗ ಕೆಲಸ ಮಾಡೋರು ಸ್ಮಾರ್ಟ್ ಗೋಲ್ ಅನ್ನೋದು ಕೇಳೇ ಇರ್ತಾರ. ಅದು 1981ರಾಗ ಜಾರ್ಜ್ ಡೋರಾನ್ ಅನ್ನೋರು ಒಂದು ಮ್ಯಾನೇಜ್‌ಮೆಂಟ್ ಪತ್ರಿಕ್ಯಾಗ ಬರೆದಿದ್ದು. ಏನು ಮಾಡೋದು ಅನ್ನೋದು ಖಚಿತ ಇರಬೇಕು, ಅಳಿಯಾಕ ಬರಬೇಕು, ಯಾರು ಮಾಡೋದು ಅಂತ ಗೊತ್ತಿರಬೇಕು, ಇರೋ ಅನುಕೂಲದಾಗ ಆಗುವಂಗಿರಬೇಕು, ಯಾವಾಗ ಮುಗಿಸೋದು ಅಂತ ತಾರೀಖು ಇರಬೇಕು. ಆಫೀಸಿನ ಕೆಲಸ ಹಂಚಾಕ ಮಾಡಿದ ಸೂತ್ರ ಇದು, ಮನಿ ಮಾತಿಗೆ ಎಲ್ಲಾ ಬೇಕಂತಿಲ್ಲ, ಅಳತಿ ಮತ್ತ ತಾರೀಖು ಎರಡು ಇದ್ರ ಮುಕ್ಕಾಲು ಕೆಲಸ ಆದಂಗ.

ಇನ್ನೊಂದು ವಿಷಯ. "ಮಿರ್ಚಿ ತಿನ್ನಂಗಿಲ್ಲ", "ಮೊಬೈಲ್ ನೋಡಂಗಿಲ್ಲ" ಅಂತ "ಇಲ್ಲ"ದಾಗ ಬರಿಯೋ ಗುರಿ, ಮತ್ತ "ಇದನ್ನ ಮಾಡ್ತೀನಿ" ಅಂತ ಬರಿಯೋ ಗುರಿ, ಇವೆರಡೂ ಒಂದ ಅಲ್ಲ. ಸ್ವೀಡನ್ ದೇಶದಾಗ ಸಾವಿರಕ್ಕ ಮಿಕ್ಕಿ ಮಂದಿನ್ನ ವರ್ಷಪೂರ್ತಿ ಕೇಳ್ಕೋತ ಹೋದ ಒಂದು ಅಧ್ಯಯನ 2020ರಾಗ ಪ್ರಕಟ ಆತು. "ಮಾಡ್ತೀನಿ" ಅಂದವರಾಗ ನೂರಕ್ಕ ಸುಮಾರು 59 ಮಂದಿ ನಮ್ಮ ಗುರಿ ನಡೀತು ಅಂದ್ರು, "ಬಿಡ್ತೀನಿ" ಅಂದವರಾಗ ಸುಮಾರು 47. ಸಂಜಿ ಐದಕ್ಕ ಹಸಿವಿ ಆಗಿ ಮಿರ್ಚಿ ಗಾಡಿ ಮುಂದ ಹಾದುಹೋಗಾಕತ್ತಾಗ "ತಿನ್ನಂಗಿಲ್ಲ" ಅನ್ನೋದು ಕೈಗೆ ಏನೂ ಕೆಲಸ ಕೊಡಂಗಿಲ್ಲ, ಬರೇ ಮಿರ್ಚಿನ್ನ ನೆನಪ ಮಾಡ್ತೈತಿ. "ನಾಕೂವರಿಗೆ ಆಫೀಸಿನ್ಯಾಗ ಒಂದು ಮುಷ್ಟಿ ಹುರಕಡ್ಲಿ ತಿಂದು ಹೊರಡ್ತೀನಿ" ಅಂದ್ರ ಮಾಡಾಕ ಏನೋ ಸಿಕ್ಕಂಗಾತು.

ನಮ್ಮ ಕೈಯಾಗ ಇರೋದು ಎಷ್ಟು

ಧಾರವಾಡದ ಸಪ್ತಾಪುರದಾಗ ಪಿಜಿ ರೂಮಿನ್ಯಾಗ ಇದ್ಕೊಂಡು ಸರ್ಕಾರಿ ನೌಕರಿ ಪರೀಕ್ಷೆಗೆ ಓದೋ ಹುಡುಗಿ ಒಬ್ಬಾಕಿ ಇದ್ದಾಳಂತ ತಿಳಕೊಳ್ರಿ. "ಈ ವರ್ಷ ನೌಕರಿ ತಗೋಬೇಕು" ಅಂತ ಬರದಾಳ. ಅಳತಿ ಐತಿ, ತಾರೀಖು ಐತಿ, ಆದ್ರೂ ಇದರಾಗ ತೊಡಕು ಐತಿ. ನೋಟಿಫಿಕೇಶನ್ ಯಾವಾಗ ಬರ್ತೈತಿ, ಪರೀಕ್ಷೆ ಮುಂದಕ್ಕ ಹೋಗ್ತೈತೋ ಏನೋ, ಎಷ್ಟು ಪೋಸ್ಟ್, ಎಷ್ಟು ಮಂದಿ ಅರ್ಜಿ ಹಾಕ್ತಾರ, ಕಟಾಫ್ ಎಲ್ಲಿಗೆ ನಿಲ್ತೈತಿ, ಒಂದೂ ಆಕಿ ಕೈಯಾಗ ಇಲ್ಲ. ಆಕಿ ಕೈಯಾಗ ಇರೋದು ಓದೋದು, ಹಳೇ ಪ್ರಶ್ನೆಪತ್ರಿಕೆ ಟೈಮ್ ಇಟ್ಕೊಂಡು ಬಿಡಸೋದು, ತಪ್ಪಿದ್ದು ಯಾಕ ತಪ್ಪಿತು ಅಂತ ನೋಡೋದು.

ಅದಕ್ಕ ಗುರಿನ ಎರಡು ಪದರದಾಗ ಬರಿಯೋದು ಛಲೋ. ಮ್ಯಾಲಿನ ಪದರ ಫಲ, ಅಂದ್ರ ನೌಕರಿ. ಅದು ಯಾವ ದಿಕ್ಕಿಗೆ ಹೋಗ್ಬೇಕು ಅಂತ ತೋರಸ್ತೈತಿ. ಕೆಳಗಿನ ಪದರ ಕೆಲಸ, ಅಂದ್ರ ಇಂಥಾ ತಾರೀಖಿನೊಳಗ ಇಷ್ಟು ಪುಸ್ತಕ, ಇಷ್ಟು ಪ್ರಶ್ನೆಪತ್ರಿಕೆ. ವರ್ಷದ ಕೊನೀಗೆ ಕೂತು ಲೆಕ್ಕ ಹಾಕೋದು ಕೆಳಗಿನ ಪದರದ ಮ್ಯಾಲ. ತೂಕದ್ದೂ ಹಂಗ, ತಕ್ಕಡಿ ಎಷ್ಟು ತೋರಸ್ತೈತಿ ಅನ್ನೋದು ಪೂರ್ತಿ ನಮ್ಮ ಮಾತು ಕೇಳಂಗಿಲ್ಲ, ವಾರಕ್ಕ ಎಷ್ಟು ನಿಮಿಷ ನಡದ್ವಿ ಅನ್ನೋದು ಕೇಳ್ತೈತಿ.

ಒಡಿಯೋದು: ಉಳವಿ ಚಕ್ಕಡಿಯ ಲೆಕ್ಕ

ಧಾರವಾಡ, ಗದಗ, ಹಾವೇರಿ ಕಡೆ ಹಳ್ಳಿಯಿಂದ ಉಳವಿ ಚನ್ನಬಸವೇಶ್ವರ ಜಾತ್ರಿಗೆ ಇವತ್ತಿಗೂ ಚಕ್ಕಡಿ ಕಟ್ಕೊಂಡು ಹೋಗೋರು ಅದಾರ. ಜೋಯಿಡಾ ಕಾಡಿನೊಳಗಿನ ಊರು, ಒಂದು ದಿನದಾಗ ಮುಟ್ಟೋ ದಾರಿ ಅಲ್ಲ. ಅವರು ಹ್ಯಾಂಗ ಲೆಕ್ಕ ಹಾಕ್ತಾರ ನೋಡ್ರಿ. ತೇರಿನ ದಿನ ಪಕ್ಕಾ, ಅದು ಯಾರಿಗೂ ಕಾಯಂಗಿಲ್ಲ, ಅದಕ್ಕ ಅಲ್ಲಿಂದ ಹಿಂದಕ್ಕ ಎಣಸ್ಕೋತ ಬಂದು ಯಾವತ್ತು ಮನಿ ಬಿಡಬೇಕು ಅಂತ ನಿರ್ಧಾರ ಮಾಡ್ತಾರ. ದಿನಕ್ಕ ಎಷ್ಟು ದಾರಿ ಅನ್ನೋದು ಗಾಡಿ ಹೊಡಿಯೋನ ಹುರುಪಿನ ಮ್ಯಾಲ ಅಲ್ಲ, ಎತ್ತಿನ ಕಾಲಿನ ಮ್ಯಾಲ ಐತಿ. ರಾತ್ರಿ ಮುಕ್ಕಾಂ ಎಲ್ಲಿ ಬೇಕಲ್ಲಿ ಹಾಕಂಗಿಲ್ಲ, ನೀರು ಮೇವು ಇದ್ದಲ್ಲಿ ಹಾಕ್ತಾರ.

ವರ್ಷದ ಗುರಿ ಒಡಿಯೋದೂ ಇಷ್ಟ ಐತಿ. ಕಡೇ ತಾರೀಖಿನಿಂದ ಹಿಂದಕ್ಕ ಬರೋದು, ನಡುವ ಎರಡು ಮೂರು ತಿಂಗಳಿಗೊಂದು ಮುಕ್ಕಾಂ ಇಡೋದು, ಮುಕ್ಕಾಮಿನಿಂದ ಮುಕ್ಕಾಮಿಗೆ ವಾರದ ದಾರಿ ಎಷ್ಟು ಅಂತ ನೋಡೋದು, ಆ ವಾರದ ದಾರಿನ ದಿನದ ಕೆಲಸಕ್ಕ ಇಳಸೋದು. ಮುಕ್ಕಾಂ ಅಂದ್ರ ಅಲ್ಲಿ ನಿಂತು "ಇಲ್ಲಿ ಮಟ ಬಂದ್ವಿ" ಅಂತ ತೋರಸಾಕ ಏನರ ಇರಬೇಕು, ಮುಗಿಸಿದ ಪುಸ್ತಕ, ಬ್ಯಾಂಕ್ ಪಾಸ್‌ಬುಕ್‌ನ್ಯಾಗ ಒಂದು ಆಕಡ, ನಿಲ್ಲದ ನಡದ ಐದು ಕಿಲೋಮೀಟರ್.

ಸಪ್ತಾಪುರದ ಹುಡುಗಿ ಲೆಕ್ಕ ಪೂರ್ತಿ ಹಾಕಿ ನೋಡೋಣು. ಮೊದಲನೇ ಮುಕ್ಕಾಂ ಅಂತ ಆಕಿ ಇಟ್ಕೊಂಡಿದ್ದು, 6ರಿಂದ 10ನೇ ಕ್ಲಾಸಿನ ಸಮಾಜ ವಿಜ್ಞಾನ ಮತ್ತ ವಿಜ್ಞಾನದ ಪುಸ್ತಕ ನೋಟ್ಸ್ ಸಮೇತ ಮುಗಿಸೋದು. ಆಕಿ ಮುಂದ ಇರೋ ಪುಸ್ತಕದ ಪುಟ ಎಲ್ಲಾ ಕೂಡಿಸಿದ್ರ 1,200 ಆತಂತ ಹಿಡೀರಿ. ಈಗ ಹೆಚ್ಚಿನವರು ಮಾಡೋದು ಏನಂದ್ರ "ದಿನಾ 40 ಪುಟ, ಒಂದು ತಿಂಗಳು, ಮುಗೀತು" ಅಂತ ಬರಿಯೋದು. ಅದರ ಬದಲಿ ಒಂದು ತಾಸು ಖರೇನ ಕೂತು ಓದಿ ನೋಡ್ಬೇಕು, ಎಷ್ಟು ಪುಟ ಆಗ್ತಾವ ಅಂತ. ನೋಟ್ಸ್ ಮಾಡ್ಕೋತ ಹೋದ್ರ 10 ಪುಟ ಆದ್ವು ಅಂದ್ರ ಒಟ್ಟು 120 ತಾಸಿನ ಕೆಲಸ. ಕೋಚಿಂಗ್ ಕ್ಲಾಸು, ಊಟ, ನಿದ್ದಿ ಎಲ್ಲಾ ಬಿಟ್ಟು ದಿನಕ್ಕ ಎರಡು ತಾಸು, ವಾರಕ್ಕ ಐದು ದಿನ ಸಿಗ್ತೈತಿ. ಅಂದ್ರ ವಾರಕ್ಕ 10 ತಾಸು, 12 ವಾರ. ಜನವರಿ ಎರಡನೇ ವಾರ ಚಾಲೂ ಮಾಡಿದ್ರ ಏಪ್ರಿಲ್ ಮೊದಲನೇ ವಾರಕ್ಕ ಮುಗೀಬೇಕು. ತಿಂಗಳದಾಗ ಮುಗಿಸ್ತೀನಿ ಅಂದಿದ್ದು ಮೂರು ತಿಂಗಳಾತು, ಇನ್ನೂ ಒಂದು ದಿನಾನೂ ತಪ್ಪಿಲ್ಲ, ಬರೇ ಲೆಕ್ಕದಾಗ.

ಎಲ್ಲಿ ಮಟ ಒಡೀಬೇಕು? ಕೂತ ಕೂಡ್ಲೆ ಮತ್ತೇನೂ ವಿಚಾರ ಮಾಡದ ಮಾಡಾಕ ಬರೋ ಮಟ. "ಇತಿಹಾಸ ಓದೋದು" ಅಂತ ಬರ್ಕೊಂಡ್ರ ಟೇಬಲ್ಲಿಗೆ ಬಂದಮ್ಯಾಲ ಯಾವ ಪುಸ್ತಕ, ಎಲ್ಲಿಂದ, ಪೆನ್ನು ಎಲ್ಲಿ ಅನ್ನೋದರಾಗ ಅರ್ಧ ತಾಸು ಹೋಗ್ತೈತಿ, ಅಷ್ಟೊತ್ತಿಗೆ ಮೊಬೈಲ್ ಕೈಗೆ ಬಂದಿರ್ತೈತಿ. "8ನೇ ಕ್ಲಾಸಿನ ಇತಿಹಾಸ, ಮೊದಲನೇ ಪಾಠ, ಒಂದು ಹಾಳಿ ನೋಟ್ಸ್" ಅಂದ್ರ ಬಾಕಿ ವಿಚಾರ ಏನೂ ಉಳಿಯಂಗಿಲ್ಲ. ಹಂಗಂತ ಕೂತು ವರ್ಷದ 365 ದಿನಾನೂ ಒಡೀಬ್ಯಾಡ್ರಿ. ಮುಂದಿನ ನಾಕು ವಾರ ಸಣ್ಣದಾಗಿ ಬರ್ಕೊಂಡು, ಅದರಾಚೆಗೆ ಬರೇ ಮುಕ್ಕಾಂ ಬರ್ಕೊಂಡ್ರ ಸಾಕು. ಅಕ್ಟೋಬರ್ 17ಕ್ಕ ಏನು ಓದ್ತೀನಿ ಅಂತ ಜನವರ್ಯಾಗ ಬಣ್ಣಬಣ್ಣದ ಸ್ಕೆಚ್‌ಪೆನ್‌ನಿಂದ ಟೈಮ್‌ಟೇಬಲ್ ಮಾಡೋದು ಓದೋದನ್ನ ಮುಂದ ಹಾಕೋ ಭಾಳ ಸಭ್ಯ ದಾರಿ ಅಂತ ನನ್ನ ಅನಿಸಿಕೆ.

ಲೆಕ್ಕ ಯಾವಾಗ್ಲೂ ಯಾಕ ಕಡಿಮಿ ಬೀಳ್ತೈತಿ

ಮನಿ ಕಟ್ಟಸಿದವರಿಗೆ ಇದು ಗೊತ್ತು, ಆರು ತಿಂಗಳು ಅಂದಿದ್ದು ವರ್ಷ ಆಗ್ತೈತಿ. ಡೇನಿಯಲ್ ಕಾನಮನ್ ಮತ್ತ ಅಮೋಸ್ ಟ್ವೆರ್‌ಸ್ಕಿ ಅನ್ನೋ ಇಬ್ಬರು ಮನಃಶಾಸ್ತ್ರಜ್ಞರು 1979ರಾಗ ಇದಕ್ಕ ಪ್ಲಾನಿಂಗ್ ಫ್ಯಾಲಸಿ ಅಂತ ಹೆಸರಿಟ್ರು. ಯೋಜನಾ ಹಾಕಾಗ ಮನುಷ್ಯಾ ಎಲ್ಲಾ ಸರಿಯಾಗಿ ನಡದ್ರ ಹ್ಯಾಂಗ ಆಗ್ತೈತೋ ಅದನ್ನ ಕಣ್ಣಮುಂದ ತರ್ತಾನ, ಹಿಂದಿನ ಸಲ ಖರೇ ಹ್ಯಾಂಗ ಆಗಿತ್ತು ಅನ್ನೋದನ್ನ ತರಂಗಿಲ್ಲ. 1994ರಾಗ ಪ್ರಕಟ ಆದ ಒಂದು ಅಧ್ಯಯನದಾಗ ಡಿಗ್ರಿ ಪ್ರಬಂಧ ಬರಿಯೋ ವಿದ್ಯಾರ್ಥಿಗಳ್ನ ಎಷ್ಟು ದಿನ ಬೇಕು ಅಂತ ಕೇಳಿದ್ರು, ಸರಾಸರಿ ಸುಮಾರು 34 ದಿನ ಅಂದ್ರು. ಹಿಡದಿದ್ದು ಸುಮಾರು 55 ದಿನ. ಸೋಮಾರಿಗಳ್ನ ಆರಿಸಿ ಕೇಳಿದ್ದೇನಲ್ಲ.

ಅದಕ್ಕ ಉಪಾಯ ಒಂದೈತಿ, ಮನಸ್ಸು ಹೇಳಿದ್ದನ್ನ ದೀಡಪಟ್ಟು ಮಾಡ್ರಿ. ಹುಡುಗಿಯ 12 ವಾರ 18 ವಾರ ಆಗ್ಲಿ, ಮೇ ನಡುವಿನ ಹೊತ್ತಿಗೆ ಮುಕ್ಕಾಂ ಇಡ್ಲಿ. ಏಪ್ರಿಲ್‌ನ್ಯಾಗ ಮುಗೀತಂದ್ರ ಹಬ್ಬ, ಇಲ್ಲಂದ್ರೂ ತಪ್ಪಿದಂಗಲ್ಲ.

ಇನ್ನ ನಮ್ಮ ಕಡೆ ಕ್ಯಾಲೆಂಡರ್ ಬ್ಯಾರೆ ಐತಲ್ಲ. ಯಾವ ಮ್ಯಾನೇಜ್‌ಮೆಂಟ್ ಪುಸ್ತಕದಾಗೂ ಇದನ್ನ ಬರೆದಿರಂಗಿಲ್ಲ, ಆದ್ರ ಗೋಡಿ ಮ್ಯಾಲಿನ ಪಂಚಾಂಗದ ಕ್ಯಾಲೆಂಡರ್ ಮುಂದ ಇಟ್ಕೊಳ್ಳದ ಗುರಿ ಒಡದ್ರ ಅದು ಹೊಂದಂಗಿಲ್ಲ. ಎಳ್ಳಮಾಸಿಗೆ ಹೊಲಕ್ಕ ಚರಗ ಚೆಲ್ಲಾಕ ಹೋಗಬೇಕು, ಸಂಕ್ರಾಂತಿ, ಶಿವರಾತ್ರಿಗೆ ಹುಬ್ಬಳ್ಳಿಯಾಗ ಸಿದ್ಧಾರೂಢರ ಜಾತ್ರಿ ಅಂದ್ರ ಬೀಗರು ಮನಿಗೆ ಬಂದ ಬರ್ತಾರ, ಹೋಳಿ ಆಗಿ ರಂಗಪಂಚಮಿ ಮಟ ಹುಬ್ಬಳ್ಳ್ಯಾಗ ಬಣ್ಣ ಮುಗಿಯಂಗಿಲ್ಲ, ಯುಗಾದಿ, ಅದರ ಹಿಂದ ಮದುವಿ ಸೀಜನ್ನು, ಏಪ್ರಿಲ್ ಮೇ ದಾಗ ಒಂದ ದಿನಕ್ಕ ಮೂರು ಮದುವಿ ಅಕ್ಷತಾ ಹಾಕೋ ಮಂದಿ ಅದಾರ, ಕಾರಹುಣ್ಣಿವಿ, ಮುಂಗಾರು ಬಿತ್ತಗಿ, ನಾಗರಪಂಚಮಿಗೆ ಉಂಡಿ ತಿನ್ನದ ಡಯಟ್ ಮಾಡ್ತೀನಿ ಅಂದ್ರ ಅವ್ವ ಬಿಡಂಗಿಲ್ಲ, ಶ್ರಾವಣ, ಗಣಪತಿ, ಮಹಾನವಮಿ, ದೀಪಾವಳಿ. ಇಷ್ಟೂ ವಾರ ಗುರುತು ಹಾಕಿ ತಗದ್ರ ವರ್ಷದ 52 ವಾರದಾಗ ನೆಮ್ಮದಿಲೆ ಕೈಗೆ ಸಿಗೋವು ಎಷ್ಟು ಅಂತ ಒಮ್ಮೆ ನೀವ ಎಣಿಸ್ರಿ. ಸಿಕ್ಕ ವಾರಕ್ಕ ತಕ್ಕಂಗ ಗುರಿ ಇಳಸ್ರಿ, ಹಬ್ಬದ ವಾರಕ್ಕ ಅರ್ಧ ಕೆಲಸ ಅಥವಾ ಪೂರ್ತಿ ರಜಾ ಅಂತ ಮೊದಲ ಬರದಿಟ್ರ ಅದು ತಪ್ಪು ಆಗಂಗಿಲ್ಲ, ಯೋಜನಾದ ಭಾಗನ ಆಗ್ತೈತಿ.

ಯಾವ ಹೊತ್ತು, ಎಲ್ಲಿ, ಏನಾದಮ್ಯಾಲ

ದಿನದ ಕೆಲಸ ಗೊತ್ತಾತು. ಅದನ್ನ ಯಾವಾಗ ಮಾಡೋದು ಅಂತ ಬಿಟ್ರ "ಆಮ್ಯಾಲ" ಅನ್ನೋದು ನುಂಗಿಬಿಡ್ತೈತಿ. ಜರ್ಮನಿಯ ಪೀಟರ್ ಗಾಲ್‌ವಿಟ್ಜರ್ ಅನ್ನೋರು ತಮ್ಮ ಜೋಡಿ ಸಂಶೋಧಕರ ಕೂಡ 1997ರಾಗ ಪ್ರಕಟಿಸಿದ ಒಂದು ಪ್ರಯೋಗ ಭಾಳ ಮಜಾ ಐತಿ. ಕ್ರಿಸ್‌ಮಸ್ ಹಿಂದಿನ ಸಂಜಿ ಹ್ಯಾಂಗ ಕಳದ್ರಿ ಅಂತ ಎರಡು ದಿನದೊಳಗ ಬರದು ಕಳಸ್ರಿ ಅಂತ ವಿದ್ಯಾರ್ಥಿಗಳಿಗೆ ಹೇಳಿದ್ರು. ಅರ್ಧ ಮಂದಿಗೆ ಇಷ್ಟ ಹೇಳಿದ್ರು, ಇನ್ನರ್ಧ ಮಂದಿ ಕಡೆ ಯಾವ ಹೊತ್ತಿಗೆ, ಯಾವ ಜಾಗಾದಾಗ ಕೂತು ಬರೀತೀರಿ ಅಂತ ಮೊದಲ ಬರಸಿಕೊಂಡ್ರು. ಬರೇ ಕೇಳಿಸ್ಕೊಂಡವರಾಗ ಮೂರರಾಗ ಒಂದು ಪಾಲು ಮಂದಿ ಕಳಸಿದ್ರು, ಹೊತ್ತು ಜಾಗಾ ಬರದವರಾಗ ಹತ್ತಿರ ಹತ್ತಿರ ಮುಕ್ಕಾಲು ಪಾಲು. ಇಂಥಾ 94 ಪ್ರಯೋಗ ಒಟ್ಟಿಗೆ ಇಟ್ಟು 2006ರಾಗ ನೋಡಿದಾಗೂ ಉಪಯೋಗ ಐತಿ ಅಂತನ ಬಂತು.

ಕಾರಣ ಏನಂದ್ರ, "ಇಂಥಾದ್ದು ಆದ ಕೂಡ್ಲೆ ಇಂಥಾದ್ದು ಮಾಡ್ತೀನಿ" ಅಂತ ಮೊದಲ ಕಟ್ಟಿಟ್ರ ಆ ಗಳಿಗ್ಯಾಗ ಮನಸ್ಸಿನ ಜೋಡಿ ವಾದಾ ಮಾಡೋ ಕೆಲಸ ಉಳಿಯಂಗಿಲ್ಲ. ಹೊತ್ತು ಅಂದ್ರ ಗಡಿಯಾರದ್ದ ಆಗ್ಬೇಕಂತಿಲ್ಲ, ದಿನಾ ತಪ್ಪದ ಆಗೋ ಯಾವುದರ ಒಂದಕ್ಕ ಕಟ್ಟಿದ್ರ ಇನ್ನೂ ಛಲೋ. "ಮುಂಜಾನೆ ಎದ್ದು ನಡಿತೀನಿ" ಅನ್ನೋದಕಿಂತ "ಹಾಲಿನ ಪಾಕೀಟ್ ತಂದು ಅಡಗಿಮನ್ಯಾಗ ಇಟ್ಟು, ಬೂಟು ಬಿಚ್ಚದ ಹಂಗ ತೋಳನಕೆರಿಗೆ ಹೋಗ್ತೀನಿ." ಹುಬ್ಬಳ್ಳಿ ಧಾರವಾಡ ನಡುವ ದಿನಾ ಚಿಗರಿ ಬಸ್ಸಿನ್ಯಾಗ ಅಡ್ಡಾಡೋರಿಗೆ ಇಂಗ್ಲಿಷ್ ಕಲೀಬೇಕಂದ್ರ "ಸೀಟ್ ಸಿಕ್ಕ ಕೂಡ್ಲೆ ಒಂದು ಪಾಠ ಕೇಳ್ತೀನಿ." ಸೀಟ್ ಸಿಗದಿದ್ರ? ಅದಕ್ಕೂ ಒಂದು ಬರದಿಡಬೇಕು, "ಸೀಟ್ ಸಿಗದಿದ್ರ ನಿಂತ ಹಿಂದಿನ ಪಾಠ ಮತ್ತೊಮ್ಮೆ ಕೇಳ್ತೀನಿ." ಮಳಿ ಬಂದ್ರ, ಕರೆಂಟ್ ಹೋದ್ರ, ಮನಿಗೆ ಮಂದಿ ಬಂದ್ರ, ಯಾವ ಅಡ್ಡಿ ಪದೇಪದೇ ಬರ್ತೈತೋ ಅದಕ್ಕ ಒಂದು "ಆದ್ರ" ಇರ್ಲಿ.

ನಡಿಯೋದರ ಮಾತು ಬಂತಂತ ಒಂದು ಆಕಡ ಹೇಳಿಬಿಡ್ತೀನಿ. ದೊಡ್ಡವರಿಗೆ ವಾರಕ್ಕ ಕಡಿಮಿ ಅಂದ್ರೂ 150 ನಿಮಿಷ ಮಧ್ಯಮ ಶ್ರಮದ ಚಟುವಟಿಕೆ ಬೇಕು ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳ್ತೈತಿ, ಜೋರು ಹೆಜ್ಜಿ ಹಾಕಿ ನಡಿಯೋದು ಇದರಾಗ ಬರ್ತೈತಿ. ವಾರಕ್ಕ ಐದು ದಿನ ಅರ್ಧ ತಾಸು ಅಂದಂಗಾತು. ಕೂತ ಕೆಲಸದವರು ಮೊದಲನೇ ವಾರ 10 ನಿಮಿಷಕ್ಕ ಶುರು ಮಾಡಿ, ವಾರಕ್ಕ ಐದೈದು ನಿಮಿಷ ಏರಿಸ್ಕೋತ ಹೋದ್ರ ಐದನೇ ವಾರಕ್ಕ ಅಲ್ಲಿಗೆ ಮುಟ್ತಾರ. ಬಿಪಿ, ಸಕ್ಕರಿ, ಎದಿ ತ್ರಾಸು ಇದ್ದವರು ಮೊದಲ ಡಾಕ್ಟರ್‌ನ ಕೇಳಬೇಕು.

21 ದಿನದ ಮಾತು ಎಲ್ಲಿಂದ ಬಂತು

"21 ದಿನ ಮಾಡಿದ್ರ ರೂಢಿ ಆಗ್ತೈತಿ" ಅಂತ ವಾಟ್ಸಾಪ್‌ನ್ಯಾಗ ಪ್ರತಿ ವರ್ಷ ತಿರಗ್ತೈತಿ. 1960ರಾಗ ಅಮೆರಿಕದ ಒಬ್ಬ ಪ್ಲಾಸ್ಟಿಕ್ ಸರ್ಜನ್, ಆಪರೇಷನ್ ಆದವರಿಗೆ ತಮ್ಮ ಹೊಸಾ ಮುಖ ರೂಢಿ ಆಗಾಕ ಕಡಿಮಿ ಅಂದ್ರೂ 21 ದಿನ ಬೇಕು ಅಂತ ತಾವು ಕಂಡದ್ದನ್ನ ಬರದಿದ್ರು. ಬಾಯಿಂದ ಬಾಯಿಗೆ ಹೋಗೂದ್ರಾಗ "ಕಡಿಮಿ ಅಂದ್ರೂ" ಅನ್ನೋದು ಬಿದ್ದುಹೋತು.

ಇದನ್ನ ಖರೇ ಅಳದವರು ಲಂಡನ್‌ನ ಫಿಲಿಪ್ಪಾ ಲಾಲಿ ಮತ್ತ ಅವರ ಜೋಡಿಯವರು, 2010ರಾಗ ಅಚ್ಚಾತು. 96 ಮಂದಿ, ಒಬ್ಬೊಬ್ಬರು ಒಂದೊಂದು ಸಣ್ಣ ಕೆಲಸ ಆರಿಸ್ಕೊಂಡು ದಿನಾ ಒಂದ ಸಂದರ್ಭದಾಗ ಮಾಡಬೇಕು, 12 ವಾರ. ವಿಚಾರ ಮಾಡದ ತಾನಾಗೇ ಆಗೋ ಮಟ್ಟಕ್ಕ ಬರಾಕ ನಡುಮಧ್ಯದವರಿಗೆ 66 ದಿನ ಹಿಡೀತು. ಆದ್ರ ಇದರಾಗ ನೋಡಬೇಕಾದ್ದು 66 ಅಲ್ಲ, ಆ ಕಡೆ ಈ ಕಡೆ ಇರೋ ಅಂತರ. ಒಬ್ಬರಿಗೆ 18 ದಿನ ಸಾಕಾತು, ಇನ್ನೊಬ್ಬರಿಗೆ 254 ದಿನ ಬೇಕಾಗ್ತೈತಿ ಅಂತ ಲೆಕ್ಕ ಬಂತು. ನೀರು ಕುಡಿಯೋದರಂಥಾದ್ದು ಲಗೂ ಹತ್ತಿತು, ವ್ಯಾಯಾಮ ತಡಾ ಆತು. ಇನ್ನೊಂದು ಸಮಾಧಾನದ ಸಂಗತಿ, ನಡುವ ಒಂದು ದಿನ ತಪ್ಪಿದ್ರ ರೂಢಿ ಆಗೋದಕ್ಕ ಹೇಳ್ಕೊಳ್ಳುವಂಥ ಧಕ್ಕೆ ಏನೂ ಆಗಲಿಲ್ಲ.

ರೊಕ್ಕದ ಗುರಿ ಹನ್ನೆರಡರಿಂದ ಭಾಗಿಸಿದ್ರ ಮುಗೀತೇನು

ಪಗಾರ ಇದ್ದವರಿಗೆ ಹೌದು. ವರ್ಷಕ್ಕ 60,000 ಉಳಸ್ಬೇಕಂದ್ರ ತಿಂಗಳಿಗೆ 5,000, ಪಗಾರ ಬಿದ್ದ ಮರುದಿನನ ಬ್ಯಾಂಕಿನ ಆರ್‌ಡಿಗೆ ತಾನ ಕಟ್ ಆಗುವಂಗ ಒಮ್ಮೆ ಬರದು ಕೊಟ್ರ ಮುಂದ ನಮ್ಮ ಮನಸ್ಸಿನ ಕೆಲಸ ಏನೂ ಇಲ್ಲ. ತಿಂಗಳ ಕೊನೀಗೆ ಉಳದಿದ್ದನ್ನ ಇಡ್ತೀನಿ ಅಂದ್ರ ಏನು ಉಳೀತೈತಿ ಅಂತ ಎಲ್ಲಾರಿಗೂ ಗೊತ್ತು.

ಆದ್ರ ಹಾವೇರಿ ಕಡೆ ಗೋವಿನಜೋಳ, ಹತ್ತಿ, ಮೆಣಸಿನಕಾಯಿ ಬೆಳಿಯೋ ಮನ್ಯಾಗ ರೊಕ್ಕ ತಿಂಗಳ ತಿಂಗಳ ಬರಂಗಿಲ್ಲ, ಮಾಲು ಮಾರಿದಾಗ ಬರ್ತೈತಿ. ಅಲ್ಲಿ ಜೂನ್‌ನ್ಯಾಗ 5,000 ಇಡ್ರಿ ಅನ್ನೋದು ಬೀಜ ಗೊಬ್ಬರಕ್ಕ ಸಾಲ ತಗೊಂಡು ಆರ್‌ಡಿ ಕಟ್ಟು ಅಂದಂಗ. ಅವರು ಗುರಿನ ತಿಂಗಳಿಗೆ ಒಡೀಬಾರದು, ಮಾರಾಟಕ್ಕ ಒಡೀಬೇಕು: ಗೋವಿನಜೋಳದ ಪಟ್ಟಿ ಕೈಗೆ ಬಂದ ವಾರ ಇಷ್ಟು ಪಾಲು, ಮೆಣಸಿನಕಾಯಿದು ಬಂದಾಗ ಇಷ್ಟು ಪಾಲು. ಪಾಲು ಅಂತ ಇಟ್ರ ರೇಟ್ ಬಿದ್ದ ವರ್ಷ ಗುರಿ ತಾನ ಸಣ್ಣದಾಗ್ತೈತಿ. ದಿನಗೂಲಿ, ಆಟೋ, ಗಾಡಿ ವ್ಯಾಪಾರದವರಿಗೆ ತಿಂಗಳು ಅನ್ನೋದು ಭಾಳ ಉದ್ದ, ಅವರಿಗೆ ದಿನದ ಲೆಕ್ಕನ ಛಲೋ, ಪಿಗ್ಮಿ ನಡದು ಬಂದಿದ್ದ ಅದಕ್ಕ.

ತಪ್ಪಿದಮ್ಯಾಲ ಏನು ಮಾಡೋದು, ಯಾವಾಗ ಕೈಬಿಡೋದು

ಡಯಟ್ ಮಾಡೋರ ಮ್ಯಾಲ ಅಧ್ಯಯನ ಮಾಡಿದ ಜಾನೆಟ್ ಪೊಲಿವಿ, ಪೀಟರ್ ಹರ್ಮನ್ ಅನ್ನೋ ಕೆನಡಾದ ಇಬ್ಬರು ಒಂದು ವಿಚಿತ್ರ ಗುರುತಿಸಿದ್ರು. ಒಂದು ಸಲ ನೇಮ ಮುರದವರು ಅಲ್ಲಿಗೆ ನಿಲ್ಲಂಗಿಲ್ಲ, "ಹೆಂಗೂ ಕೆಟ್ಟೈತಿ, ಹೋಗ್ಲಿ ಬಿಡು" ಅಂತ ಇನ್ನೂ ಹೆಚ್ಚು ತಿಂತಾರ. ಒಂದು ಪೇಡೆ ಮಾಡದ ಹಾನಿ ಈ "ಹೋಗ್ಲಿ ಬಿಡು" ಮಾಡ್ತೈತಿ, ಅರ್ಧ ಕಿಲೋದ ಬಾಕ್ಸ್ ಖಾಲಿ ಆಗೋ ಮಟ. ಅದಕ್ಕ ತಪ್ಪಿದ ಮರುದಿನಕ್ಕ ಏನು ಅನ್ನೋದನ್ನ ತಪ್ಪೋಕಿಂತ ಮೊದಲ ಬರದಿಡೋದು ಒಳ್ಳೇದು. ಬಾಕಿ ಉಳದಿದ್ದನ್ನ ಕೂಡಿಸಿ ಎರಡು ಪಟ್ಟು ಮಾಡ್ತೀನಿ ಅಂತ ಹೊಂಟ್ರ ಎರಡನೇ ದಿನಾನೂ ತಪ್ತೈತಿ, ಮಾಮೂಲಿ ಪಾಲು ಅಷ್ಟ ಮಾಡೋದು.

ವಾರಕ್ಕೊಮ್ಮೆ ಹತ್ತು ನಿಮಿಷ ಕೂತು ನೋಡ್ಬೇಕು, ಎಷ್ಟು ಅಂದಿದ್ದೆ, ಎಷ್ಟಾತು. ಸತತ ಮೂರು ವಾರ ಅರ್ಧಕಿಂತ ಕಡಿಮಿ ಆಗೇತಿ ಅಂದ್ರ ತನ್ನನ್ನ ಬೈಕೊಳ್ಳೋದು ಬಿಟ್ಟು ಮೂರರಾಗ ಒಂದು ಬದಲು ಮಾಡಿ ನೋಡೋದು: ಹೊತ್ತು ಬದಲು ಮಾಡೋದು, ಅಳತಿ ಅರ್ಧಕ್ಕ ಇಳಸೋದು, ಇಲ್ಲಂದ್ರ ಕಡೇ ತಾರೀಖು ಮುಂದ ಹಾಕೋದು. ಜನವರಿ ಪೂರ್ತಿ ಕೈತಪ್ಪಿ ಹೋಗಿದ್ರ ಯುಗಾದಿ ಐತಿ, ಜೂನ್ ಐತಿ, ಪಾಡ್ಯ ಐತಿ, ಮುಂದಿನ ಸೋಮವಾರನೂ ಐತಿ.

ಹಿಂಗ ಎಲ್ಲಾ ತಿರುವಿ ಹಾಕಿದಮ್ಯಾಲೂ ಕೆಲವು ಗುರಿ ನಡಿಯಂಗಿಲ್ಲ. ಆಗ ಬಿಡೋದೂ ಒಂದು ನಿರ್ಧಾರ ಅಂತ ನಮ್ಮ ಕಡೆ ಯಾರೂ ಒಪ್ಪಂಗಿಲ್ಲ, ಹಿಡದಿದ್ದು ಬಿಡಬಾರದು ಅಂತ ಬೆಳಸಿರ್ತಾರ. ಆದ್ರ ಕಾರ್ಸ್ಟನ್ ರೋಷ್ ಮತ್ತ ಅವರ ಜೋಡಿಯವರು 2003ರಾಗ ಪ್ರಕಟಿಸಿದ ಅಧ್ಯಯನದಾಗ, ಆಗಲಾರದ ಗುರಿನ ಬಿಟ್ಟು ಬ್ಯಾರೆ ಗುರಿಗೆ ಮನಸ್ಸು ತಿರುಗಿಸಾಕ ಬರೋರು ಹೆಚ್ಚು ನೆಮ್ಮದಿಲೆ ಇರ್ತಾರ ಅಂತ ಕಂಡುಬಂತು. ಇದರಾಗ ಎರಡೂ ಭಾಗ ಬೇಕು, ಬಿಡೋದೂ, ಬ್ಯಾರೆ ಹಿಡಿಯೋದೂ. ಅದಕ್ಕ ಗುರಿ ಬರಿಯೋವಾಗನ ಅದರ ಕೆಳಗ ಒಂದು ತಾರೀಖು ಹಾಕಿಡ್ರಿ, ಜೂನ್ 30 ಅಂತ ಇಟ್ಕೊಳ್ರಿ, ಅವತ್ತು ಇದು ಮುಂದುವರಿಸೋದೋ ಬಿಡೋದೋ ಅಂತ ಕೂತು ನೋಡೋದು. ಆ ದಿನ ಬರೋ ಮಟ ಬಿಡೋ ಮಾತು ತಗೀಬ್ಯಾಡ್ರಿ, ಬಂದ ದಿನ ಬಿಡೋದಂತ ಆದ್ರ ಮುಂಜಾನಿಯ ಆ ಅರ್ಧ ತಾಸು, ತಿಂಗಳಿನ ಆ 5,000, ಅವು ಇನ್ನ ಯಾವುದಕ್ಕ ಹೋಗ್ತಾವ ಅಂತ ಅದ ಹಾಳ್ಯಾಗ ಬರದು ಏಳ್ರಿ.